ಇಟಲಿಗೆ ಹೋಗುವ ತಾಲೀಮು

ಜನವರಿಯ ಎರಡನೆಯ ಭಾನುವಾರ, ಬೆಳಗಿನ ಐದು ಗಂಟೆ. ಸ್ಥಳ, ಇಂಡಿಯಲ್ಲಿರುವ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಹೂವಿನ ಹಿಪ್ಪರಗಿಯಿಂದ ಹಿಂದಿನ ಸಂಜೆಯೇ ಬಂದಿದ್ದ ನನ್ನ ಅಕ್ಕ. ಕೆಲಸ, ಇಟಲಿ ಪ್ರವಾಸದ ತಾಲೀಮು.

ತಾಲೀಮು ಎಂದರೆ ನಗಬೇಡಿ. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು. ಸ್ವಾತಂತ್ರ್ಯ ದಿನದ ಕವಾಯತು ಇರಲಿ, ತಾಲ್ಲೂಕಿನ ಕ್ರೀಡಾಕೂಟ ಇರಲಿ, ಹಿಂದಿನ ದಿನ ಪೂರ್ತಿ ಒಂದು ಸಲ ಮಾಡಿ ನೋಡದೆ ಹುಡುಗರನ್ನು ಮೈದಾನಕ್ಕೆ ಇಳಿಸಿದವನಲ್ಲ. ಏಪ್ರಿಲ್‌ನಲ್ಲಿ ನಾವು ಮೂವರು, ಈವರೆಗೆ ವಿಮಾನದ ಮೆಟ್ಟಿಲು ತುಳಿಯದವರು, ಇಟಲಿಗೆ ಹೋಗಿ ಅಲ್ಲಿಯ ಗುಡ್ಡದ ಮೇಲಿನ ಊರುಗಳನ್ನೂ ಕ್ರೈಸ್ತ ಸಂನ್ಯಾಸಿಗಳ ಹಳೆಯ ಮಠಗಳನ್ನೂ ಕಾರಿನಲ್ಲಿ ಸುತ್ತುವುದಿತ್ತು. ಇಟಲಿಯ ರಸ್ತೆ ನಮ್ಮ ಕೈಗೆ ಸಿಗುವಂತಿರಲಿಲ್ಲ. ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಮುದ್ದೇಬಿಹಾಳ, ಅಲ್ಲಿಂದ ಬಸವನ ಬಾಗೇವಾಡಿ, ಮರಳಿ ಇಂಡಿ, ಈ ಸುತ್ತು ಸಿಗುವಂತಿತ್ತು. ಅಲ್ಲಿ ಒಂದು ದಿನಕ್ಕೆ ಎಷ್ಟು ಹೊತ್ತು ಕಾರಿನಲ್ಲಿ ಕೂಡಬೇಕೋ ಇಲ್ಲಿಯೂ ಅಷ್ಟೇ ಕೂಡುವುದು, ಅಲ್ಲಿಗೆ ಒಯ್ಯುವ ಚೀಲಗಳನ್ನೇ ಇಲ್ಲಿಯೂ ಹೇರುವುದು, ವಯಸ್ಸಾದ ಮೊಣಕಾಲುಗಳು ಏನನ್ನುತ್ತವೆ ಎಂದು ಕೇಳುವುದು. ಅಲ್ಲಿಯ ಕಾರಿಗೆ ಚಾಲಕನನ್ನು ಗೊತ್ತುಮಾಡಿದ್ದೆವು. ಇಲ್ಲಿಯ ಚಾಲಕ ನಾನೇ.

ಇಟಲಿ ಮೊದಲು ನನ್ನ ಹೆಂಡತಿಯ ಆಸೆ. ಆಕೆ ಇತಿಹಾಸದ ಶಿಕ್ಷಕಿಯಾಗಿದ್ದವಳು. ಮಧ್ಯಯುಗದ ಯುರೋಪಿನ ಪಾಠಕ್ಕೆ ಪುಸ್ತಕದಲ್ಲಿ ಒಂದು ಸಣ್ಣ ಮಸುಕು ಚಿತ್ರವಿತ್ತು, ಗುಡ್ಡದ ಮೇಲೊಂದು ಕಲ್ಲಿನ ಮಠ. ಪ್ರತಿವರ್ಷ ಯಾವುದಾದರೂ ಹುಡುಗಿ ಕೈ ಎತ್ತಿ, "ಟೀಚರ್, ನೀವು ನೋಡೀರೇನ್ರಿ?" ಎಂದು ಕೇಳುತ್ತಿದ್ದಳಂತೆ. ಪಕ್ಕದ ಸಾಲೋಟಗಿಯ ಶಾಸನವನ್ನಾದರೆ ಆಕೆ ಮಕ್ಕಳ ಕೈ ಹಿಡಿದು ಒಯ್ದು ತೋರಿಸಿದ್ದಳು. ದೂರದಿಂದ ಓದಲು ಬಂದವರಿಗೆ ಇರಲು ಮನೆ, ಉರಿಸಲು ದೀಪ ಎಂದು ಸಾವಿರ ವರ್ಷದ ಹಿಂದೆಯೇ ಭೂಮಿ ದಾನ ಬಿಟ್ಟದ್ದನ್ನು ಆ ಕಲ್ಲು ಹೇಳುತ್ತದೆ. ಇಟಲಿಯ ಕಲ್ಲಿಗೆ ಮಾತ್ರ ಆಕೆಯ ಬಳಿ ಉತ್ತರವಿರಲಿಲ್ಲ.

ದೀಪಾವಳಿಯ ಮೇಲೆ ಯೋಜನೆ ಶುರುವಾಯಿತು. ಪಡಸಾಲೆಯಲ್ಲಿ ದೊಡ್ಡ ನಕಾಶೆ ಹಾಸಿ, ನೋಡಬೇಕಾದ ಊರಿನ ಮೇಲೆಲ್ಲ ಆಕೆ ಒಂದೊಂದು ನಿಂಬೆಹಣ್ಣು ಇಟ್ಟಳು. ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಕೊರತೆ ಇಲ್ಲದ ವಸ್ತು ಅದೊಂದೇ. ಸಿಯೆನಾ, ಮೊಂಟೆಪುಲ್ಚಾನೊ, ಓರ್ವಿಯೆಟೊ, ಅಸಿಸಿ. ಒಂದೊಂದು ಊರಿನ ಚಿತ್ರ ತೆಗೆದು ತೋರಿಸುವಾಗ ನಾವು ಬಗ್ಗಿ ಬಗ್ಗಿ ನೋಡುತ್ತಿದ್ದೆವು. ನಮ್ಮದು ಎರೆಭೂಮಿಯ ಬಯಲು. ಹೊಲದ ಬದುವಿನಲ್ಲಿ ನಿಂತರೆ ಮುಂದಿನ ಊರಿನ ಬೇವಿನ ಮರ ಕಾಣುತ್ತದೆ. ಊರು ಅಂದಮೇಲೆ ಹಳ್ಳದ ದಂಡೆಗೋ ಕೆರೆಯ ಕೆಳಗೋ ಇರಬೇಕು. ಅಲ್ಲಿ ನೋಡಿದರೆ ಓಣಿ, ಅಂಗಡಿ, ಗಂಟೆಯ ಗೋಪುರ, ಬಟ್ಟೆ ಒಣಗಿಸುವ ಹಗ್ಗ ಸಮೇತ ಇಡೀ ಊರೇ ಗುಡ್ಡದ ನೆತ್ತಿ ಏರಿ ಕುಳಿತಿದೆ. ಮುಂಜಾನೆಯ ಮಂಜು ಬಿದ್ದರೆ ಕೆಳಗಿನ ಭೂಮಿ ಮುಚ್ಚಿಹೋಗಿ, ಊರೊಂದೇ ಆಕಾಶದಲ್ಲಿ ನಿಲ್ಲುತ್ತದೆ.

ಅಕ್ಕ ಆಗ ಒಂದು ವಾರಕ್ಕೆಂದು ನಮ್ಮಲ್ಲಿ ಬಂದಿದ್ದಳು. ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದಳು, "ನೀರು ಹೆಂಗ ಏರಸ್ತಿದ್ದರು ತಂಗೀ? ಕೊಡ ಹೊತ್ತ ಹೆಂಗಸರ ಕುತ್ತಿಗಿ ಏನಾಗಿರಬೇಕು!"

"ಮಳಿ ನೀರು ಹಿಡಿದು ನೆಲದಾಗ ತುಂಬಿ ಇಡ್ತಿದ್ದರಂತ್ರಿ ಅಕ್ಕಾರ. ಗುಡ್ಡದ ಹೊಟ್ಟಿ ಕೊರದು ಬಾವಿ ಮಾಡ್ಯಾರ," ಎಂದಳು ನನ್ನ ಹೆಂಡತಿ.

"ಗುಡ್ಡದ ಹೊಟ್ಟಿ!" ಎಂದು ಅಕ್ಕ ಬೆರಗಿನಿಂದ ತಲೆ ಆಡಿಸಿದಳು. ಸ್ವಲ್ಪ ಹೊತ್ತಿಗೆ ಲೋಟ ಹಿಡಿದು ಬಂದು, "ಸಿಟ್ಟಾಗಬ್ಯಾಡ್ರಿ ಟೀಚರ್. ಬಾಯಿ ಆರಿತ್ತು. ನಿಮ್ಮ ಓರ್ವಿಯೆಟೊ ಹಿಂಡಿ ಪಾನಕ ಮಾಡಿ ಕುಡದಬಿಟ್ಟೆ," ಎಂದಳು. ನಕಾಶೆಯಲ್ಲಿ ಒಂದು ಊರು ಖಾಲಿಯಾಗಿತ್ತು.

ಆ ದಿನವೇ ಒಂದು ಮಠದ ಅತಿಥಿಗೃಹದ ನಿಯಮಗಳನ್ನು ನಾನು ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ. ಬೆಳಕು ಹರಿಯುವ ಮೊದಲು ಗಂಟೆ. ಗಂಟೆಯ ಮೇಲೆ ಎಲ್ಲರೂ ಪ್ರಾರ್ಥನೆಗೆ. ಊಟದ ಹೊತ್ತಿನಲ್ಲಿ ಯಾರೂ ಮಾತಾಡುವಂತಿಲ್ಲ. ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತ ಉಣ್ಣುತ್ತಾರೆ. ಬೇಕಾದಷ್ಟು ನೀಡಿಸಿಕೊಳ್ಳಬೇಕು, ತಾಟಿನಲ್ಲಿ ಬಿಡಬಾರದು. ಕೊನೆಯ ಪ್ರಾರ್ಥನೆಯ ನಂತರ ಬಾಗಿಲು ಹಾಕುತ್ತಾರೆ, ಮಾತು ನಿಲ್ಲುತ್ತದೆ.

ಓದುತ್ತ ಓದುತ್ತ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ನಾನು ಹುಡುಗನಾಗಿದ್ದಾಗ ಇದ್ದದ್ದು ಮುದ್ದೇಬಿಹಾಳದ ಕಡೆಯ ಒಂದು ಮಠದ ಬೋರ್ಡಿಂಗಿನಲ್ಲಿ. ಕತ್ತಲಿರುವಾಗಲೇ ಗಂಟೆ, ತಣ್ಣೀರ ಸ್ನಾನ, ಸಾಲಾಗಿ ಕುಳಿತು ಲಿಂಗಪೂಜೆ. ಊಟಕ್ಕೆ ಕುಳಿತರೆ ಒಬ್ಬ ಹುಡುಗ ವಚನ ಓದುವುದು, ಉಳಿದವರು ಬಾಯಿ ಮುಚ್ಚಿ ಉಣ್ಣುವುದು. ಕೊನೆಗೆ ತಾಟಿಗೆ ನೀರು ಹಾಕಿ ಬೆರಳಿನಿಂದ ತೊಳೆದು ಆ ನೀರನ್ನೂ ಕುಡಿಯುವುದು. ಇವರು ಅವರನ್ನು ಕಂಡಿಲ್ಲ, ಅವರು ಇವರನ್ನು ಕೇಳಿಲ್ಲ. ಅಷ್ಟು ದೂರದ ಗುಡ್ಡದ ಮೇಲೆ ಇದೇ ಗಂಟೆ ಇದೇ ಹೊತ್ತಿಗೆ ಬಾರಿಸುತ್ತದೆ, ಅದೂ ನೂರಾರು ವರ್ಷಗಳಿಂದ! ನನ್ನ ತೋಳಿನ ಕೂದಲು ನೆಟ್ಟಗಾಗಿದ್ದವು.

ಅಕ್ಕ ಲೋಟ ಕೆಳಗಿಟ್ಟಳು. "ಆ ಮಠದಾಗ ಹೆಂಗಸರನ್ನ ಒಳಗ ಬಿಡ್ತಾರೇನು?"

"ಬಿಡ್ತಾರ ಅಕ್ಕಾ. ಅತಿಥಿಗಳಿಗೆ ಬ್ಯಾರೆ ಖೋಲಿ. ಪ್ರಾರ್ಥನಾಕ್ಕ ಎಲ್ಲಾರೂ ಕೂಡಬಹುದು."

"ಗಂಟಿ ಹೊಡಿಯೂ ಮುಂದ ಒಳಗ ಇರಬಹುದು?"

"ಇರಬಹುದು."

"ಹಂಗಾದ್ರ ನಾನೂ ಬರ್ತೇನಿ."

ಅಕ್ಕ ನನ್ನ ಬಳಿ ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅವಳ ಸಾಲೆ ನಾಲ್ಕನೆಯ ಇಯತ್ತೆಗೆ ನಿಂತಿತ್ತು. ಬೋರ್ಡಿಂಗು ಗಂಡುಹುಡುಗರಿಗಷ್ಟೇ. ನನಗೆ ಬುತ್ತಿ ಕೊಡಲೆಂದು ಅವಳು ತಂದೆಯ ಜೊತೆ ಎತ್ತಿನಗಾಡಿಯಲ್ಲಿ ಬರುತ್ತಿದ್ದಳು. ತಂದೆ ಒಳಗೆ ಬರುತ್ತಿದ್ದರು. ಅವಳು ಅಗಸಿ ಬಾಗಿಲ ಹೊರಗೆ ಗಾಡಿಯ ಹತ್ತಿರ ನಿಲ್ಲುತ್ತಿದ್ದಳು.

ಹೀಗೆ ಇಬ್ಬರ ಪ್ರವಾಸ ಮೂವರದಾಯಿತು. ಮೂವರಿಗೂ ಪಾಸ್‌ಪೋರ್ಟ್ ಬಂದವು. ಆರಿಸಿದ ಮಠಕ್ಕೆ ಹೆಂಡತಿ ಪತ್ರ ಕಳಿಸಿದಳು: ನಮ್ಮ ಜೊತೆ ಬರುವ ಹಿರಿಯರೊಬ್ಬರು ಪೂಜೆ ಮಾಡದೆ ನೀರೂ ಮುಟ್ಟುವುದಿಲ್ಲ, ಅವರಿಗೆ ನಸುಕಿನಲ್ಲಿ ಒಂದು ತಂಬಿಗೆ ನೀರು, ಕೂಡಲು ಒಂದಿಷ್ಟು ಜಾಗ ಸಿಗಬಹುದೇ ಎಂದು. ಉತ್ತರ ಬರುವುದಿತ್ತು. ಅಷ್ಟರಲ್ಲಿ ತಾಲೀಮಿನ ದಿನ ಬಂತು.

ಐದು ಗಂಟೆಗೆ ಅಕ್ಕನ ಪೂಜೆ ಮುಗಿದಿತ್ತು, ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ಮೊದಲ ತಾಲೀಮು ವಿಮಾನ ನಿಲ್ದಾಣದ್ದು. ಕಾಶಿಗೆ ವಿಮಾನದಲ್ಲಿ ಹೋಗಿ ಬಂದ ನೆರೆಯವರೊಬ್ಬರು ಅಲ್ಲಿಯ ತಪಾಸಣೆಯನ್ನು ವಿವರವಾಗಿ ಹೇಳಿದ್ದರು. ಅಡಿಗೆಮನೆಯಿಂದ ಹಿಟ್ಟು ನಾದುವ ಪರಾತ ತಂದು ಸ್ಟೂಲಿನ ಮೇಲಿಟ್ಟೆ. ಮೈಮೇಲಿನ ಲೋಹದ ವಸ್ತುಗಳೆಲ್ಲ ಅದರಲ್ಲಿ ಬೀಳಬೇಕು. ಬಾಗಿಲ ಚೌಕಟ್ಟೇ ಯಂತ್ರ. ಅದರಾಚೆ ನಾನೇ ಅಧಿಕಾರಿ.

"ಸೀಟಿ ಊದಬ್ಯಾಡ ಮತ್ತ, ಓಣಿ ಮಂದಿ ಎದ್ದಾರು," ಎಂದಳು ಅಕ್ಕ.

ಹೆಂಡತಿ ಗಡಿಯಾರ, ಬೀಗದ ಕೈ ಇಟ್ಟು ದಾಟಿದಳು. ಅಕ್ಕ ಸೊಂಟದ ಕೀಲಿಗೊಂಚಲು ಬಿಚ್ಚಿಟ್ಟಳು. ಆಮೇಲೆ ಎಲೆ ಅಡಿಕೆಯ ಚೀಲದಿಂದ ಅಡಕೊತ್ತು ತೆಗೆದಿಟ್ಟಳು.

"ಇದನ್ನ ಬಿಡೂದಿಲ್ಲ ಅಕ್ಕಾ, ಮನ್ಯಾಗ ಇಟ್ಟು ಹೋಗಬೇಕು."

"ಹಂಗಾದ್ರ ಅಡಕಿ ನೀನ ಕಡದು ಕೊಡು. ಹಲ್ಲು ಗಟ್ಟಿ ಅದಾವ, ಪಿ.ಟಿ. ಮಾಸ್ತರ."

ಹೆಂಡತಿ ನಕ್ಕಳು. ನಾನು ಅಧಿಕಾರಿಯ ಮುಖ ಬಿಡಲಿಲ್ಲ. "ಕೊರಳಾಗಿಂದು?" ಎಂದೆ.

"ಯಾವುದು?"

"ಕರಡಿಗಿ. ಬೆಳ್ಳೀದಲ್ಲೇನು, ಯಂತ್ರ ಕೂಗತೈತಿ."

ಹೇಳಿದ ಮೇಲೆ ನನಗೆ ತಪ್ಪು ತಿಳಿಯಿತು. ಕರಡಿಗೆ ಎಂದರೆ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಸಣ್ಣ ಭರಣಿ. ಅಕ್ಕನದು ನಮ್ಮ ಅವ್ವ ಹಾಕಿಕೊಂಡು ಸವೆಸಿದ್ದು. ದೀಕ್ಷೆಯಲ್ಲಿ ಕಟ್ಟಿದ ಲಿಂಗ ಜೀವ ಇರುವವರೆಗೆ ಮೈ ಬಿಟ್ಟು ಹೋಗಬಾರದು. ಪೂಜೆಯ ಹೊತ್ತಿಗೆ ಅಂಗೈಗೆ ಬರುತ್ತದೆ, ಮುಗಿದರೆ ಮತ್ತೆ ಎದೆಗೆ. ನೆಲಕ್ಕೆ, ಹಲಗೆಗೆ, ಇನ್ನೊಬ್ಬರ ಕೈಗೆ ಅದನ್ನು ಇಡುವುದಿಲ್ಲ.

ಅಕ್ಕನ ಕೈ ಸೆರಗಿನ ಮೇಲಿಂದಲೇ ಕರಡಿಗೆಯನ್ನು ಹಿಡಿದಿತ್ತು. "ಲಿಂಗ ಇಳಿಸಿ ರೊಟ್ಟಿ ಹಿಟ್ಟಿನ ಪರಾತದಾಗ ಇಡು ಅಂತೀಯೇನು?"

"ಒಂದ ನಿಮಿಷ ಅಕ್ಕಾ, ಈ ಕಡೆ ಇಟ್ಟು ಆ ಕಡೆ..."

"ಒಂದ ನಿಮಿಷದ ಮಾತಲ್ಲ ತಮ್ಮಾ ಇದು."

ಸಿಟ್ಟಿರಲಿಲ್ಲ. ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಅಡಕೊತ್ತು ಚೀಲಕ್ಕೆ ಹಾಕಿಕೊಂಡಳು. "ಬುತ್ತಿ ಕಟ್ಟೀನಿ, ಕೆಡಬಾರದು. ತಾಲೀಮಿಗೆ ಬರ್ತೇನಿ. ಆಟಕ್ಕ ನೀವಿಬ್ಬರ ಹೋಗ್ರಿ," ಎಂದು ಹೊರಗೆ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು.

ಪರಾತ ಸ್ಟೂಲಿನ ಮೇಲೆಯೇ ಉಳಿಯಿತು. ಹೊರಡುವ ಹೊತ್ತು ಮೀರಿತ್ತು.

ಸಿಂದಗಿಯ ದಾರಿಯಲ್ಲಿ ಸೂರ್ಯ ಹುಟ್ಟಿದ. ಎರಡೂ ಬದಿಗೆ ಬಿಳಿಜೋಳ ತೆನೆಹೊತ್ತು ನಿಂತಿತ್ತು. ಸಿಂದಗಿಯಲ್ಲಿ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಬುತ್ತಿ ಬಿಚ್ಚಿದೆವು: ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಶೇಂಗಾಹಿಂಡಿ, ಗಟ್ಟಿ ಮೊಸರು. ಹೆಂಡತಿ ವಾತಾವರಣ ತಿಳಿಮಾಡಲೆಂದು, "ಅಕ್ಕಾರ, ಇದು ಸಿಯೆನಾ ಅಂತ ತಿಳ್ಕೊಳ್ರಿ," ಎಂದಳು.

ಅಕ್ಕ ಚಹಾ ಗುಟುಕರಿಸಿ, "ಸಿಯೆನಾದಾಗ ಇಷ್ಟು ಸಕ್ರಿ ಹಾಕ್ತಾರೇನು?" ಎಂದಳು. ಆಮೇಲೆ ಯಾರನ್ನೂ ನೋಡದೆ, "ಆ ಮಠದ ಗಂಟಿ ಕಂಚಿಂದೋ ಹಿತ್ತಾಳಿದೋ?" ಎಂದು ಕೇಳಿದಳು. ಕಂಚು ಎಂದು ಹೆಂಡತಿ ಹೇಳಿದಳು. ನಾನು ರೊಟ್ಟಿ ಮುರಿಯುತ್ತ ತಲೆ ಎತ್ತಲಿಲ್ಲ. ಬರುವುದಿಲ್ಲ ಎಂದವರು ಕೇಳುವ ಪ್ರಶ್ನೆ ಅದಾಗಿರಲಿಲ್ಲ.

ಮುದ್ದೇಬಿಹಾಳ ಇನ್ನೂ ಸ್ವಲ್ಪ ದೂರವಿರುವಾಗ ಅಕ್ಕನೇ ನನ್ನ ಹಳೆಯ ಬೋರ್ಡಿಂಗಿನ ಕಡೆ ಕಾರು ತಿರುಗಿಸಲು ಹೇಳಿದಳು. ಬೋರ್ಡಿಂಗು ಮುಚ್ಚಿ ಎಷ್ಟೋ ವರ್ಷಗಳಾಗಿವೆ. ಕಲ್ಲಿನ ಅಗಸಿ ಇದೆ, ಅದಕ್ಕೆ ಕಬ್ಬಿಣದ ಗೇಟು, ಗೇಟಿಗೆ ಬೀಗ. ಒಳಗೆ ಛಾವಣಿ ಬಿದ್ದ ಸಾಲು ಕೋಣೆಗಳು, ಗಂಟೆ ತೂಗುತ್ತಿದ್ದ ಕೊಕ್ಕೆ. ಗಂಟೆ ಇಲ್ಲ.

ಅಕ್ಕ ಮೊದಲು ಗಾಡಿ ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ ನಿಂತಳು. ಆಮೇಲೆ ಹೇಳತೊಡಗಿದಳು. ಕೆಲವು ಸಲ ಹಿಂದಿನ ರಾತ್ರಿಯೇ ಬಂದು ತಂದೆ, ಅವಳು ಇಲ್ಲೇ ಗಾಡಿಯ ಕೆಳಗೆ ಮಲಗುತ್ತಿದ್ದರಂತೆ. ನಸುಕಿನಲ್ಲಿ ಗಂಟೆ ಆಗುತ್ತಿತ್ತು. ಆಮೇಲೆ ನೀರಿನ ಸಪ್ಪಳ, ಹುಡುಗರು ನಡುಗುವ ಸಪ್ಪಳ, ಓಡುವ ಹೆಜ್ಜೆ.

"ಆಮ್ಯಾಲ ಎಲ್ಲಾ ನಿಂತಬಿಡ್ತಿತ್ತು ನೋಡು. ಅಷ್ಟು ಹುಡುಗರು ಒಳಗ, ಒಂದು ಕೆಮ್ಮು ಸುದ್ದಾ ಇಲ್ಲ. ಎತ್ತು ಮೆಲಕು ಹಾಕೂದು ಕೇಳಸ್ತಿತ್ತು. ಮನ್ಯಾಗ ನೀ ಬಾಯಿ ಮುಚ್ಚಿದಾಂವ ಅಲ್ಲ. ಹೆಂಗ ಕೂತಿರ್ತೀ ಅಂತ ಒಂದ ಸಲ ನೋಡಬೇಕಿತ್ತು. ಆ ಸುಮ್ಮನಿರೂದು ಹೆಂಗಿರತೈತಿ ಅಂತ."

ನಾನು ಬೀಗ ಹಿಡಿದು ನಿಂತಿದ್ದೆ. ಆ ಮೌನದಲ್ಲಿ ಏಳು ವರ್ಷ ಕುಳಿತವನು ನಾನು. ಕಾಲು ಜೋಮು ಹಿಡಿದದ್ದು, ಹಸಿವಾದದ್ದು, ಪಕ್ಕದವನು ಚಿವುಟಿದ್ದು ನೆನಪಿದೆ. ಮೌನ ಕೇಳಿದ ನೆನಪಿಲ್ಲ. ಅದನ್ನು ಕೇಳಿದವಳು ಗೋಡೆಯ ಹೊರಗಿದ್ದಳು, ಇಷ್ಟು ವರ್ಷ ಕಿವಿಯಲ್ಲಿ ಇಟ್ಟುಕೊಂಡಿದ್ದಳು. ಚಿತ್ರದಲ್ಲಿ ಕಂಡ ಯಾವ ಗುಡ್ಡದ ಊರೂ ನನ್ನನ್ನು ಅಷ್ಟು ಸಣ್ಣವನನ್ನಾಗಿ ಮಾಡಿರಲಿಲ್ಲ.

ಹೂವಿನ ಹಿಪ್ಪರಗಿಯ ಅಕ್ಕನ ಮನೆಯಲ್ಲಿ ಊಟ ಮಾಡಿ ಬಸವನ ಬಾಗೇವಾಡಿ ಮುಟ್ಟುವಾಗ ಹೊತ್ತು ಇಳಿಮುಖವಾಗಿತ್ತು. ಗುಡಿಯ ಹತ್ತಿರ ಕಾರು ನಿಲ್ಲಿಸಿದಾಗ ಹೆಂಡತಿಯ ಫೋನು ಸಪ್ಪಳ ಮಾಡಿತು. ಮಠದಿಂದ ಉತ್ತರ. ಅತಿಥಿಗಳನ್ನು ನೋಡಿಕೊಳ್ಳುವ ಸಂನ್ಯಾಸಿ ಬರೆದದ್ದನ್ನು ಆಕೆ ಅಲ್ಲೇ ನಿಂತು ಕನ್ನಡದಲ್ಲಿ ಹೇಳಿದಳು.

"ಅವರೂ ಮುಂಜಾನಿ ಪ್ರಾರ್ಥನಾ ಆಗೂ ತನಕ ಏನೂ ತಿನ್ನೂದಿಲ್ಲಂತ್ರಿ ಅಕ್ಕಾರ. ಅಂಗಳದಾಗ ಬಾವಿ ಐತಂತ, ನೀರು ಹಿಂದಿನ ದಿನ ಸಂಜಿಕೇ ನಿಮ್ಮ ಖೋಲಿ ಮುಂದ ಇಡ್ತಾರಂತ. ನಿಮ್ಮ ಪೂಜಾ ಮುಗಿಸಿಕೊಂಡು ಅವರ ಪ್ರಾರ್ಥನಾಕ್ಕ ಬಂದು ಕೂಡ್ರಿ ಅಂದಾರ. ಒಂದ ಮಾತು, ರಾತ್ರಿ ಕಡೀ ಗಂಟಿ ಆದಮ್ಯಾಲ ಯಾರೂ ಮಾತಾಡಬಾರದಂತ."

"ನಿನ್ನ ಗಂಡಗ ತ್ರಾಸ ಐತಿ," ಎಂದು ಅಕ್ಕ ನಕ್ಕಳು. ನಕ್ಕು ಮುಗಿಸುವ ಮೊದಲೇ ಮುಖ ತಿರುಗಿಸಿದಳು. "ನೀರು ಸುದ್ದಾ ಇಡ್ತೇನಿ ಅಂದ್ರೇನು," ಎಂದು ತನ್ನಷ್ಟಕ್ಕೆ ಅಂದಳು. ಗುರುತಿಲ್ಲದ ಊರಿನ ಒಬ್ಬ ಸಂನ್ಯಾಸಿ ತನಗಾಗಿ ಬಾವಿಗೆ ಹಗ್ಗ ಇಳಿಸುವುದನ್ನು ಅವಳು ಕಾಣುತ್ತಿದ್ದಳೋ ಏನೋ. ನಾನಂತೂ ಕಂಡೆ.

ನಾನು ನಲ್ಲಿಯ ಹತ್ತಿರ ಹೋಗಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿ ಬಗ್ಗಿ ಮುಖ ತೊಳೆದೆ. ಎದ್ದಾಗ ಅಕ್ಕ ನನ್ನ ಎದೆಯನ್ನೇ ನೋಡುತ್ತಿದ್ದಳು.

"ಏನದು? ಇನ್ನೂ ಬೋರ್ಡಿಂಗಿನ ಅರಿವ್ಯಾಗ ಕಟಗೊಂಡೀಯೇನೋ ಜಿಪುಣಾ? ಬೆಳ್ಳೀದು ಮಾಡಸ್ಕೋಬಾರದಾ?"

ಬೋರ್ಡಿಂಗಿನಲ್ಲಿ ಹುಡುಗರು ಆಟದಲ್ಲಿ ಕಳೆದುಕೊಂಡಾರೆಂದು ಬೆಳ್ಳಿಯ ಕರಡಿಗೆ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ನೂಲಿನ ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುವುದು. ಬಟ್ಟೆ ಹಳೆಯದಾದರೆ ಹೊಸ ಬಟ್ಟೆ. ಅದೇ ರೂಢಿ ಇಂದಿಗೂ ನನ್ನದು. ಮೈದಾನದಲ್ಲಿ ಓಡುವವನಿಗೆ ಅದೇ ಹಗುರ.

ಅಕ್ಕ ಹತ್ತಿರ ಬಂದಳು. "ಇದಕ್ಕ ನಿನ್ನ ಯಂತ್ರ ಕೂಗತೈತೇನು?"

"ಅರಿವಿ, ನೂಲು, ಕಲ್ಲು. ಕೂಗಾಕ ಏನೈತಿ ಅಕ್ಕಾ?"

ಹೇಳುತ್ತಲೇ ನಾನು ನನ್ನ ಎದೆಯನ್ನು ಬಗ್ಗಿ ನೋಡಿಕೊಂಡೆ. ಹಾದಿ, ಹೊತ್ತು, ಚೀಲ, ಔಷಧಿ, ಮೊಣಕಾಲು, ಎಲ್ಲಕ್ಕೂ ತಾಲೀಮು ಮಾಡಿದ್ದೆ. ಸ್ವಂತ ಗದ್ದದ ಕೆಳಗೆ ಏನಿದೆ ಎಂದು ನೋಡಿಕೊಂಡಿರಲಿಲ್ಲ. ಹೆಂಡತಿ ಏನೋ ಹೇಳಲು ಬಂದಳು. ನಾನು ಕಣ್ಣಿನಿಂದಲೇ ಬೇಡವೆಂದೆ. ಇದು ಅಕ್ಕ ತೀರ್ಮಾನಿಸುವ ಮಾತು. ಲಿಂಗ ಬಟ್ಟೆಯಲ್ಲಿದ್ದರೇನು ಬೆಳ್ಳಿಯಲ್ಲಿದ್ದರೇನು ಎಂದು ನಾನು ಹೇಳಬಹುದು. ಅವ್ವನ ಬೆರಳು ಸವೆಸಿದ ಆ ಮುಚ್ಚಳವನ್ನು ದಿನಾ ತೆರೆದು ಮುಚ್ಚಿದವಳು ಅವಳು.

ಅಕ್ಕ ಗುಡಿಯ ಮುಂದಿನ ಅಂಗಡಿಗೆ ಹೋಗಿ ವಿಭೂತಿ ಕೊಂಡಳು. ಅದರ ಜೊತೆ ಒಂದು ಶಿವದಾರವನ್ನೂ ಕೊಂಡದ್ದು ನನಗೆ ಆಗ ಕಾಣಲಿಲ್ಲ.

ಇಂಡಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹಿಂದಿನ ಸೀಟಿನಲ್ಲಿ ಅಕ್ಕ ದಾರಿಯುದ್ದಕ್ಕೂ ಕರಡಿಗೆ ಹಿಡಿದುಕೊಂಡೇ ಬಂದಿದ್ದಳು. ಮನೆಗೆ ಬಂದವಳು ಕೈಕಾಲು ತೊಳೆದು, ನನ್ನ ಹೆಂಡತಿಯ ಹತ್ತಿರ ಒಂದು ತುಂಡು ಹೊಸ ಬಿಳಿ ಬಟ್ಟೆ, ಸೂಜಿ, ದಾರ ಕೇಳಿದಳು. ಬಟ್ಟೆಯ ಅಂಚು ಮಡಚಿ ಹೊಲಿದಳು. ಆಮೇಲೆ ಸಂಜೆಯ ಪೂಜೆಗೆ ಕುಳಿತಳು.

ಪೂಜೆಯ ಕೋಣೆಯ ಬಾಗಿಲು ತೆರೆದೇ ಇತ್ತು. ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತಿದ್ದೆವು. ಅಂಗೈಯ ಮೇಲೆ ಲಿಂಗ ಬಂತು, ನೀರು ಬಿತ್ತು, ವಿಭೂತಿ, ಹೂವು. ಅಕ್ಕನ ತುಟಿ ಅಲುಗುವುದು ನಿಂತಿತು. ಬೀದಿಯಲ್ಲಿ ಒಂದು ಟೆಂಪೊ ಹೋಯಿತು. ಅದು ದೂರವಾದ ಮೇಲೆ ಮನೆಯಲ್ಲಿ ಒಂದು ಸಪ್ಪಳವಿಲ್ಲ. ಈ ಸಲ ನಾನು ಕೇಳಿದೆ.

ಪೂಜೆ ಮುಗಿಸಿ ಅಕ್ಕ ಲಿಂಗವನ್ನು ಹೊಸ ಬಟ್ಟೆಯಲ್ಲಿ ಸುತ್ತಿ, ಶಿವದಾರ ಬಿಗಿದು ಕೊರಳಿಗೆ ಕಟ್ಟಿಕೊಂಡಳು. ಖಾಲಿ ಕರಡಿಗೆಯನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ನನ್ನ ಹೆಂಡತಿಯ ಕೈಗಿಟ್ಟಳು.

"ನಾವು ಬರೂ ತನಕ ನಿಮ್ಮ ದೇವರ ಜಗಲಿ ಮ್ಯಾಲ ಇರಲಿ ತಂಗೀ. ಕರಡಿಗಿ ಅವ್ವ ಕೊಟ್ಟಿದ್ದು. ಲಿಂಗ ನಂದು."

ನಂತರ ಪಡಸಾಲೆಗೆ ಬಂದು, ಸ್ಟೂಲಿನ ಮೇಲೆ ಬೆಳಗಿನಿಂದ ಬಿದ್ದಿದ್ದ ಪರಾತದಲ್ಲಿ ಕೀಲಿಗೊಂಚಲು ಎಸೆದು, "ಸಾಹೇಬ್ರ, ಬಾಗಿಲದಾಗ ನಿಲ್ರಿ," ಎಂದಳು.

ನಾನು ಚೌಕಟ್ಟಿನಾಚೆ ಹೋಗಿ ನಿಂತೆ. "ಅಕ್ಕಾ, ಒಬ್ಬಾಕಿ ಹೆಣ್ಣುಮಗಳು ಕೈಲೆ ಮುಟ್ಟಿ ನೋಡಿದ್ರೂ ನೋಡಬಹುದು."

"ಅರಿವಿ ಮ್ಯಾಲಿಂದ ಮುಟ್ಟಲಿ. ಮೈ ಬಿಟ್ಟು ಹೋಗಬಾರದು, ಅಷ್ಟ."

ಹೊಸಿಲು ದಾಟಿ ಬಂದಳು. ಯಂತ್ರ ಕೂಗಲಿಲ್ಲ. ಅಧಿಕಾರಿ ಬದಿಗೆ ಸರಿದು ದಾರಿ ಬಿಟ್ಟ.

ಹೆಂಡತಿ ಮಠಕ್ಕೆ ಮರು ಉತ್ತರ ಬರೆದಳು: ಬರುವವರು ಮೂವರು, ಒಂದು ತಂಬಿಗೆ ನೀರು ಸಾಕು. ನಕಾಶೆಯ ಮೇಲೆ ಖಾಲಿಯಾಗಿದ್ದ ಓರ್ವಿಯೆಟೊಕ್ಕೆ ಅಕ್ಕ ಒಂದು ಹೊಸ ನಿಂಬೆಹಣ್ಣು ತಂದಿಟ್ಟಳು. ನಾನು ಕೀಲಿಗೊಂಚಲು ಅವಳ ಕೈಗೆ ಕೊಟ್ಟು, ಪರಾತವನ್ನು ಅಡಿಗೆಮನೆಗೆ ಒಯ್ದು, ತೊಳೆದು, ಒರೆಸಿ, ಅದರ ಜಾಗದಲ್ಲಿ ಇಟ್ಟೆ.